ಆಗುವ ಮೊದಲೇ ಆಗಿಹೋದ ಸಮ್ಮೇಳನ

ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ, ನಿಮ್ಮಲ್ಲೇ ಇರಲಿ. ಲಕ್ಷ್ಮೇಶ್ವರದಲ್ಲಿ ಕೂತು ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸತೊಡಗಿ ನನಗೆ ಇಪ್ಪತ್ತೆಂಟು ವರ್ಷಗಳಾದವು. ಇಷ್ಟು ವರ್ಷಗಳಲ್ಲಿ ಒಂದು ಸಮಾರಂಭ ಮುಗಿದ ಮೇಲೆ ಅದರ ಸುದ್ದಿ ಬರೆದ ನೆನಪು ನನಗಿಲ್ಲ. ಆಮಂತ್ರಣ ಪತ್ರಿಕೆ ಕೈಗೆ ಬಂತೆಂದರೆ ಸುದ್ದಿ ಬಂತೆಂದೇ ಲೆಕ್ಕ. ಅದರಲ್ಲಿ ‘ಉದ್ಘಾಟಿಸುವರು’ ಎಂದಿದ್ದರೆ ನಾನು ‘ಉದ್ಘಾಟಿಸಿದರು’ ಎಂದು ಬರೆಯುತ್ತೇನೆ. ಪಂಚಾಂಗದವರು ಆಗಲಿರುವುದನ್ನು ಆಗಲಿದೆ ಎಂದು ಹೇಳಿ ಎಷ್ಟೋ ಸಲ ಸಿಕ್ಕಿಬೀಳುತ್ತಾರೆ. ನಾವು ಆಗಲಿರುವುದನ್ನು ಆಗಿಹೋಯಿತು ಎಂದು ಹೇಳುತ್ತೇವೆ, ಹಾಗಾಗಿ ಯಾರೂ ಹಿಡಿಯುವುದಿಲ್ಲ.

ಹಾಗಾದರೆ ಅತಿಥಿಗಳು ಮಾತಾಡಿದ್ದು ಏನೆಂದು ಗೊತ್ತಾಗುವುದು ಹೇಗೆ ಎಂದು ನೀವು ಕೇಳಬಹುದು. ಪರಿಸರ ದಿನವಾದರೆ ಗಿಡ ನೆಡಬೇಕು ಎಂದಿರುತ್ತಾರೆ. ಶಿಕ್ಷಕರ ದಿನವಾದರೆ ಗುರುಗಳನ್ನು ಗೌರವಿಸಬೇಕು ಎಂದಿರುತ್ತಾರೆ. ನಾನು ಹೀಗೆ ಹೇಳಲೇ ಇಲ್ಲ ಎಂದು ಇದುವರೆಗೆ ಒಬ್ಬರೂ ಜಗಳಕ್ಕೆ ಬಂದಿಲ್ಲ. ಒಮ್ಮೆ ಕೊರ್ಲಹಳ್ಳಿಯ ಒಂದು ಸಮಾರಂಭಕ್ಕೆ ಹೊರಟ ಅತಿಥಿಯೊಬ್ಬರ ಕಾರು ದಾರಿಯಲ್ಲೇ ಕೆಟ್ಟು ನಿಂತು, ಅವರು ತುಂಗಭದ್ರೆಯ ದಂಡೆ ಮುಟ್ಟಲೇ ಇಲ್ಲ. ಮರುದಿನದ ಪತ್ರಿಕೆಯಲ್ಲಿ ಅವರು ನದಿಯ ಮಹತ್ವ ಕುರಿತು ಸುದೀರ್ಘವಾಗಿ ಮಾತಾಡಿದ್ದರು. ಬೆಳಗ್ಗೆ ಅವರ ಫೋನು ಬಂತು. ಆತು, ಇವತ್ತಿಗೆ ನನ್ನ ಕಥೆ ಮುಗೀತು ಎಂದುಕೊಂಡೆ. ಅವರೋ, “ನಾ ಏನೇನು ಹೇಳಬೇಕಂತ ಮಾಡಿದ್ದೆ, ಎಲ್ಲಾ ಬರದೀರಿ ನೋಡ್ರಿ. ಒಂದೂ ಬಿಟ್ಟಿಲ್ಲ” ಎಂದು ಹರಸಿದರು.

ಮಾಗಡಿ ಕೆರೆಯದು ಇನ್ನೊಂದು ಕಥೆ. ವಲಸೆ ಹಕ್ಕಿಗಳನ್ನು ನೋಡುವ ಒಂದು ಕಾರ್ಯಕ್ರಮವನ್ನು ಅಲ್ಲಿ ಇಟ್ಟುಕೊಂಡಿದ್ದರು. ‘ಸಾವಿರಾರು ಹಕ್ಕಿಗಳ ಕಲರವದ ನಡುವೆ ಚಾಲನೆ’ ಎಂದು ನಾನು ಹಿಂದಿನ ದಿನವೇ ಕಳಿಸಿಬಿಟ್ಟೆ. ಆ ವರ್ಷ ಹಕ್ಕಿಗಳು ಬಂದದ್ದು ಮೂರು ವಾರ ತಡವಾಗಿ. ಅವುಗಳಿಗೆ ಆಮಂತ್ರಣ ಪತ್ರಿಕೆ ತಲುಪಿರಲಿಕ್ಕಿಲ್ಲ. ನನ್ನ ಸುದ್ದಿ ಓದಿದ ಗದಗಿನ ಜನ ಮಕ್ಕಳುಮರಿ ಕಟ್ಟಿಕೊಂಡು ಬಂದು, ಬರೀ ನೀರು ನೋಡಿ, ಕಟ್ಟಿಕೊಂಡು ಬಂದಿದ್ದ ಬುತ್ತಿ ಉಂಡು ಹೋದರು. ಪತ್ರಿಕೆಯನ್ನು ಯಾರೂ ಅನುಮಾನಿಸಲಿಲ್ಲ. “ನಿನ್ನಿ ಇದ್ದುವಂತ, ಇವತ್ತ ಮೇಯಾಕ ಹೋಗ್ಯಾವ” ಎಂದು ತಾವೇ ಮಕ್ಕಳಿಗೆ ಸಮಾಧಾನ ಹೇಳಿದರು. ಓದುಗರು ನಮ್ಮ ಮೇಲೆ ಇಟ್ಟಿರುವ ಈ ನಂಬಿಕೆ ನೆನೆದರೆ ನನಗೆ ಈಗಲೂ ಕಣ್ಣು ತುಂಬಿ ಬರುತ್ತದೆ, ಸ್ವಲ್ಪ ಹೆದರಿಕೆಯೂ ಆಗುತ್ತದೆ.

ಇಂಥ ನನ್ನನ್ನು ಗದಗಿನ ಕಾಲೇಜೊಂದು ವಿದ್ಯಾರ್ಥಿ ಪತ್ರಿಕೋದ್ಯಮ ಮತ್ತು ಮಾಧ್ಯಮ ಸಮ್ಮೇಳನದ ಪ್ರಚಾರ ಸಮಿತಿಗೆ ಹಾಕಿಕೊಂಡಿತು. ಸಮ್ಮೇಳನದ ವಿಷಯ ‘ಸುದ್ದಿ ಮತ್ತು ಸತ್ಯ’. ನನಗೇನೂ ಅಳುಕಾಗಲಿಲ್ಲ. ಮದುವೆಯ ಅಡಿಗೆಯವನಿಗೆ ವರ ಯಾರಾದರೇನು?

ಆಮಂತ್ರಣ ಪತ್ರಿಕೆಯಲ್ಲಿ ಇಪ್ಪತ್ತೇಳು ಗಣ್ಯರ ಹೆಸರುಗಳಿದ್ದವು. ಹೆಸರು ಅಚ್ಚಾದವರೆಲ್ಲ ವೇದಿಕೆಯ ಮೇಲೆ ಕೂಡಬೇಕೆಂಬುದು ನಮ್ಮ ಕಡೆಯ ಅಲಿಖಿತ ಕಾನೂನು. ಯಾರನ್ನಾದರೂ ಕೆಳಗೆ ಕೂಡಿಸಿದರೆ ಆ ಸಿಟ್ಟು ಎರಡು ತಲೆಮಾರು ನಡೆಯುತ್ತದೆ. ಮುಂದಿನ ಸಾಲಿಗೆ ಸೋಫಾ, ಎರಡನೆಯದಕ್ಕೆ ಕುರ್ಚಿ, ಮೂರನೆಯದಕ್ಕೆ ತರಗತಿಯಿಂದ ಹೊತ್ತು ತಂದ ಬೆಂಚು. ಮೂರನೆಯ ಸಾಲಿನವರಿಗೆ ಕಾಣುತ್ತಿದ್ದುದು ಎರಡನೆಯ ಸಾಲಿನವರ ಬೆನ್ನು ಮಾತ್ರ. ಆದರೂ ಅವರು ಸಂತೋಷವಾಗಿದ್ದರು. ಇಷ್ಟು ಜನಕ್ಕೂ ಸನ್ಮಾನವಾಗಬೇಕಲ್ಲ, ಶಾಲುಗಳು ಸಾಲದಾದವು. ಕಾಲೇಜಿನ ಜವಾನ ಫಕೀರಪ್ಪ ಪರದೆಯ ಹಿಂದೆ ನಿಂತು, ಸನ್ಮಾನವಾದವರ ಶಾಲನ್ನು “ಮಡಚಿ ಕೊಡತೇನ್ರಿ” ಎಂದು ವಿನಯದಿಂದ ಇಸಿದುಕೊಂಡು, ಮಡಚಿ ಮತ್ತೆ ವೇದಿಕೆಗೆ ಕಳಿಸುತ್ತಿದ್ದ. ಮುಂಡರಗಿಯಿಂದ ಬಂದ ಅತಿಥಿಯೊಬ್ಬರು ತಮ್ಮ ಶಾಲನ್ನು ಪಕ್ಕದವರ ಹೆಗಲ ಮೇಲೆ ಗುರುತಿಸಿದರು, ಅದಕ್ಕೆ ಕುಂಕುಮದ ಕಲೆಯಿತ್ತು. ಅವರು ಏನೂ ಅನ್ನಲಿಲ್ಲ, ದೊಡ್ಡ ಮನುಷ್ಯರು.

ನಂತರ ಉಪನ್ಯಾಸಗಳು. ‘ಕಡಿಮೆ ಪದಗಳಲ್ಲಿ ಬರೆಯುವ ಕಲೆ’ ಕುರಿತು ಮಾತಾಡಿದ ಮುಖ್ಯ ಅತಿಥಿಗಳು ಒಂದು ತಾಸು ಇಪ್ಪತ್ತು ನಿಮಿಷ ತೆಗೆದುಕೊಂಡರು. ಸುಳ್ಳುಸುದ್ದಿಯನ್ನು ಗುರುತಿಸುವುದು ಹೇಗೆಂದು ತಿಳಿಸಲು ಬಂದವರು, ಮೊಬೈಲ್ ಪಕ್ಕದಲ್ಲಿಟ್ಟರೆ ಹಾಲು ಬೇಗ ಹೆಪ್ಪಾಗುತ್ತದೆ ಎಂದು ವಿಜ್ಞಾನಿಗಳು ಕಂಡುಹಿಡಿದಿರುವುದಾಗಿ ತಮಗೆ ಬೆಳಗ್ಗೆಯೇ ಒಂದು ಮೆಸೇಜ್ ಬಂದದ್ದನ್ನು ಹಂಚಿಕೊಂಡರು. ಹುಡುಗರು ಬರೆದುಕೊಂಡರು. ನಾನೂ ಮನೆಯಲ್ಲಿ ಒಮ್ಮೆ ಇಟ್ಟು ನೋಡೋಣವೆಂದುಕೊಂಡೆ. ಡಿಜಿಟಲ್ ಮಾಧ್ಯಮದ ತಜ್ಞರ ಲ್ಯಾಪ್‌ಟಾಪಿಗೆ ಕಾಲೇಜಿನ ವೈರು ಕೂಡಲಿಲ್ಲ. ಅವರು ಧೃತಿಗೆಡದೆ, “ಈಗ ನಿಮಗೆ ಇಲ್ಲೊಂದು ಚಿತ್ರ ಕಾಣಿಸುತ್ತಿದೆ ಎಂದು ತಿಳಿದುಕೊಳ್ಳಿ” ಎಂದು ಆರಂಭಿಸಿದರು. ನಲವತ್ತು ನಿಮಿಷ ಇಡೀ ಸಭೆ ಬಿಳಿ ಪರದೆಯನ್ನು ನೋಡುತ್ತ ಕೂತಿತು. ಕೊನೆಗೆ ಶಿರಹಟ್ಟಿಯ ಹುಡುಗನೊಬ್ಬ ಎದ್ದು, ಹಿಂದಿನ ಚಿತ್ರವನ್ನು ಇನ್ನೊಮ್ಮೆ ತೋರಿಸಲು ವಿನಂತಿಸಿದ.

ಈ ಎಲ್ಲದರ ನಡುವೆ, ಹನ್ನೆರಡೂಕಾಲಿಗೆ, ಐದು ನಿಮಿಷದ ಒಂದು ಚಿಕ್ಕ ಬಾಬತ್ತಿತ್ತು: ವಿದ್ಯಾರ್ಥಿನಿ ನೇತ್ರಾವತಿಯಿಂದ ವರದಿ ವಾಚನ. ನೇತ್ರಾ ಬೆಟಗೇರಿಯ ನೇಕಾರರ ಮನೆಯ ಹುಡುಗಿ, ಆ ಕಾಲೇಜಿನಲ್ಲೇ ಪತ್ರಿಕೋದ್ಯಮ ಓದುತ್ತಾಳೆ. ತನ್ನ ಓಣಿಯ ಮಗ್ಗಗಳ ಬಗ್ಗೆ ಒಂದು ವರದಿ ಬರೆದಿದ್ದಳು. ಅದನ್ನು ಕೇಳಲೆಂದು ಅವಳ ತಾಯಿ ಗಂಗವ್ವ ಅರ್ಧ ನೇಯ್ದ ಸೀರೆಯನ್ನು ಮಗ್ಗದ ಮೇಲೆಯೇ ಬಿಟ್ಟು, ಹತ್ತು ಗಂಟೆಗೇ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದಳು. ಮಗಳು ಮೈಕಿನ ಮುಂದೆ ನಿಲ್ಲುವುದನ್ನು ಅವಳು ಎಂದೂ ನೋಡಿರಲಿಲ್ಲ. ಒಬ್ಬೊಬ್ಬ ಭಾಷಣಕಾರರು ಮುಗಿಸಿದಾಗಲೂ ಮಗಳ ಕಡೆ ತಿರುಗಿ, “ಈಗ ನಿಂದಲ್ಲನು?” ಎಂದು ಕೇಳುತ್ತಿದ್ದಳು. ನೇತ್ರಾ ಕಾಗದಗಳನ್ನು ಕೈಯಲ್ಲಿ ಹಿಡಿದೇ ಕೂತಿದ್ದಳು.

ನಿಂದು ಬರಲೇ ಇಲ್ಲ. ಎರಡು ಗಂಟೆ ದಾಟಿತು, ಅನ್ನ ಆರತೊಡಗಿತು. ಪ್ರಾಚಾರ್ಯರು ಮೈಕು ಹಿಡಿದು, ಸಮಯದ ಅಭಾವದಿಂದ ವರದಿ ವಾಚನವನ್ನು ಕೈಬಿಟ್ಟು ನೇರವಾಗಿ ವಂದನಾರ್ಪಣೆಗೆ ಹೋಗುವುದಾಗಿ ಹೇಳಿದರು. ವಂದನಾರ್ಪಣೆಗೆ ಮುಕ್ಕಾಲು ತಾಸು ಹಿಡಿಯಿತು.

ನಾನಾದರೋ ಬೆಳಗ್ಗೆ ಹತ್ತೂವರೆಗೇ ಸುದ್ದಿ ಕಳಿಸಿ ಕೈ ತೊಳೆದುಕೊಂಡಿದ್ದೆ. ಈಗಿನ ಕಾಲದಲ್ಲಿ ಮರುದಿನದವರೆಗೆ ಕಾಯುವ ಪುಣ್ಯವೂ ಇಲ್ಲ; ಮಧ್ಯಾಹ್ನಕ್ಕೆಲ್ಲ ಅದು ಎಲ್ಲರ ಮೊಬೈಲಿನಲ್ಲಿ ಬಂದಿತ್ತು. ಕೊನೆಯಲ್ಲಿ ಎರಡು ಸಾಲಿನಷ್ಟು ಜಾಗ ಉಳಿದಿತ್ತೆಂದು ನಾನು ಹೀಗೆ ಸೇರಿಸಿದ್ದೆ: ‘ವಿದ್ಯಾರ್ಥಿನಿ ನೇತ್ರಾವತಿ ವಾಚಿಸಿದ ವರದಿಗೆ ಸಭಿಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು.’

ನಾನು ಗೋಧಿ ಹುಗ್ಗಿಯ ತಟ್ಟೆ ಹಿಡಿದು ನಿಂತಾಗ ನೇತ್ರಾ ಮೊಬೈಲ್ ಹಿಡಿದುಕೊಂಡು ಬಂದಳು.

“ಸರ್, ನಾ ಓದೇ ಇಲ್ರಿ.”

“ಓದಿದಿ ಅಂತ ಬಂದೈತಲ್ಲವಾ.”

“ಬಂದೈತ್ರಿ. ಆದ್ರ ನಾ ಓದಿಲ್ರಿ.”

ನಾನು ಒಳ್ಳೆಯದನ್ನೇ ಬರೆದಿದ್ದೇನಲ್ಲ ಎಂದು ಸಮಜಾಯಿಷಿ ಕೊಡುವಷ್ಟರಲ್ಲಿ ಮುಖ್ಯ ಅತಿಥಿಗಳು ಅತ್ತ ಬಂದರು. ಅವರೂ ಮೊಬೈಲ್ ನೋಡಿದ್ದರು. “ಭಾಳ ಚಂದ ಓದಿದಿವಾ. ಎಲ್ಲಾರೂ ಎದ್ದು ನಿಂತಿದ್ವಿ” ಎಂದು ಅವಳ ಭುಜ ತಟ್ಟಿದರು. ಅವರ ಹಿಂದೆಯೇ ಪ್ರಾಚಾರ್ಯರು ‘ವರದಿ ವಾಚಿಸಿದ್ದಕ್ಕಾಗಿ’ ಎಂದು ಅಚ್ಚಾಗಿದ್ದ ಪ್ರಮಾಣಪತ್ರವನ್ನು ಅವಳ ಕೈಗಿಟ್ಟರು. ಫೋಟೋ ತೆಗೆದರು. ನೇತ್ರಾ ಪ್ರಾಚಾರ್ಯರಿಗೆ, ಊಟದ ನಂತರವಾದರೂ ಐದು ನಿಮಿಷ ಓದಲು ಬಿಡಬೇಕೆಂದು ಕೇಳಿದಳು. ಪ್ರಾಚಾರ್ಯರು ನಿಜಕ್ಕೂ ಯೋಚನೆ ಮಾಡಿದರು. ಆಮೇಲೆ, “ಪೇಪರಿನಾಗ ಬಂದ ಮ್ಯಾಲ ಮತ್ತ ಓದಿದ್ರ ಎರಡು ಸಲ ಓದಿದಂಗ ಆಗತೈತಲ್ಲವಾ? ಉಳದವ್ರಿಗೆ ಒಂದ ಸಲ, ನಿನಗ ಎರಡು ಸಲ. ಅನ್ಯಾಯ ಅನ್ನಂಗಿಲ್ಲನು ಮಂದಿ?” ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೂ ತಕ್ಷಣ ಆಗಲಿಲ್ಲ.

ನೇತ್ರಾ ಅಳಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಮಾಡಿ ತಪ್ಪಿಸಿಕೊಳ್ಳುತ್ತಿದ್ದೆ. ಪ್ರಮಾಣಪತ್ರವನ್ನು ನನ್ನ ಕೈಗೆ ಕೊಟ್ಟು ಹೇಳಿದಳು: “ನಮ್ಮವ್ವ ಮುಂಜಾನೆಯಿಂದ ಕುಂತಾಳ್ರಿ. ಅಕಿಗೆ ಏನ್ ಹೇಳ್ಲಿ? ಒಂದೋ ನೀವು ಆ ಸುದ್ದಿ ಸುಳ್ಳು ಅಂತ ಬರೀರಿ, ಇಲ್ಲಾ ನನ್ನ ಕಡಿಂದ ಓದಸ್ರಿ.”

ಇಪ್ಪತ್ತೆಂಟು ವರ್ಷಗಳಲ್ಲಿ ನಾನು ಯಾವ ಸುದ್ದಿಯನ್ನೂ ಸುಳ್ಳೆಂದು ಬರೆದವನಲ್ಲ. ಹುಗ್ಗಿಯ ತಟ್ಟೆ ಕೆಳಗಿಟ್ಟೆ. ಸುದ್ದಿಯನ್ನು ತಿದ್ದುವುದಕ್ಕಿಂತ ಲೋಕವನ್ನು ತಿದ್ದುವುದು ಸುಲಭವೆಂದು ತೋರಿ, ಸಭಾಂಗಣದ ಕಡೆ ಓಡಿದೆ.

ಗಣ್ಯರು ಅಷ್ಟರಲ್ಲಿ ಹೊರಟುಹೋಗಿದ್ದರು, ಹುಡುಗರು ಬಸ್ಸು ಹಿಡಿಯಲು ಓಡಿದ್ದರು. ಕೆಳಗಿನ ಕುರ್ಚಿಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಹಗ್ಗ ಬಿಗಿದಾಗಿತ್ತು. ಮೈಕಿನ ಹುಸೇನಸಾಬ ವೈರು ಸುತ್ತುತ್ತಿದ್ದ. ಅವನಿಗೆ ಸಂಜೆ ಹಿರೇವಡ್ಡಟ್ಟಿಯಲ್ಲಿ ಒಂದು ಮದುವೆ ಆರತಕ್ಷತೆ ಇತ್ತು. ನಾನು ವಿಷಯ ಹೇಳಿದೆ.

“ಅಲ್ರಿ ಸಾಹೇಬ್ರ, ಅಕಿ ಓದಿಲ್ಲಂತ ನನಗೂ ಗೊತ್ತೈತಿ. ಮೈಕ್ ನಂದ ಅಲ್ಲ?” ಎಂದ. “ಐದ ನಿಮಿಷ. ಜಲ್ದಿ ಕರೀರಿ.”

ಫಕೀರಪ್ಪ ಅಡಿಗೆಯವರನ್ನೂ ಪಾತ್ರೆ ತೊಳೆಯುವವರನ್ನೂ ಕಸ ಹೊಡೆಯುವವರನ್ನೂ ಕರೆತಂದ. ಕೂಡಿಸುವುದೆಲ್ಲಿ? ಹಗ್ಗ ಬಿಚ್ಚಲು ಬಾಡಿಗೆ ಕುರ್ಚಿಯವರು ಒಪ್ಪಲಿಲ್ಲ. ಇನ್ನೂ ಎತ್ತದೆ ಉಳಿದಿದ್ದವು ವೇದಿಕೆಯ ಮೇಲಿನ ಸೋಫಾಗಳು ಮಾತ್ರ. ಹೀಗಾಗಿ ಸಭಿಕರೆಲ್ಲ ವೇದಿಕೆಯ ಮೇಲೆ ಕೂತೆವು. ಮಧ್ಯದ ದೊಡ್ಡ ಸೋಫಾದಲ್ಲಿ ಗಂಗವ್ವ, ಅವಳ ಎಡಬಲಕ್ಕೆ ಕೈಯಲ್ಲಿನ್ನೂ ಸಾಬೂನಿನ ನೊರೆ ಇದ್ದ ಇಬ್ಬರು ಹೆಂಗಸರು, ತುದಿಯಲ್ಲಿ ನಾನು. ಗಂಗವ್ವ ಸೋಫಾದ ಮೇಲೆ ಮರೆತು ಬಿದ್ದಿದ್ದ ಒಂದು ಶಾಲನ್ನು ಎರಡು ಬೆರಳಲ್ಲಿ ಹೊಸಕಿ ನೋಡಿ, “ಇದರಾಗ ನೂಲ ಇಲ್ಲ ಬಿಡ್ರಿ” ಎಂದು ಪಕ್ಕಕ್ಕಿಟ್ಟಳು. ನೇತ್ರಾ ಕೆಳಗೆ, ಖಾಲಿ ಸಭಾಂಗಣದಲ್ಲಿ, ವೇದಿಕೆಯ ಹತ್ತಿರವೇ ಇಟ್ಟ ಮೈಕಿನ ಮುಂದೆ ನಮ್ಮ ಕಡೆ ಮುಖ ಮಾಡಿ ನಿಂತಳು.

ಅವಳು ಓದತೊಡಗಿದಳು. ಒಂದು ಕಾಲಕ್ಕೆ ಅವರ ಓಣಿಯಲ್ಲಿ ಮಗ್ಗದ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲವಂತೆ. ಈಗ ಸದ್ದು ಬರುವುದು ಮೂರೇ ಮನೆಗಳಿಂದ, ಅದರಲ್ಲಿ ಒಂದು ಅವರದು. ಮುಂದಿನ ಮನೆಯ ಕಾಕಾ ಮಗ್ಗ ಮಾರಿ ಕಿರಾಣಿ ಅಂಗಡಿಯಲ್ಲಿ ತೂಕ ಮಾಡುತ್ತಾನಂತೆ. ಕೂತಲ್ಲೇ ಕಾಲು ಮಾತ್ರ ಇನ್ನೂ ಮಗ್ಗ ತುಳಿದಂತೆ ಮೆಟ್ಟುತ್ತಿರುತ್ತದಂತೆ. ಪಾತ್ರೆ ತೊಳೆಯುವ ಹೆಂಗಸರು “ಖರೆ, ಖರೆ” ಎಂದರು. ವೈರು ಸುತ್ತುವುದನ್ನು ಬಿಟ್ಟು ಹುಸೇನಸಾಬ ನೆಲದ ಮೇಲೆ ಕೂತ. ನನಗೆ ಎದೆ ತುಂಬಿ ಬಂತು. ಮುಗಿದ ಕೂಡಲೇ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುವಂತೆ ಫಕೀರಪ್ಪನಿಗೆ ಮೊದಲೇ ಹೇಳಿಟ್ಟಿದ್ದೆ. ಇನ್ನೇನು ನನ್ನ ಸುದ್ದಿ ಅಕ್ಷರಶಃ ಸತ್ಯವಾಗಲಿತ್ತು.

“ನಮ್ಮ ತಾಯಿ ಬೆಳಗಿನ ಐದಕ್ಕೆ ನೆಲದಲ್ಲಿ ತೋಡಿದ ಮಗ್ಗದ ಕುಣಿಗೆ ಇಳಿಯುತ್ತಾಳೆ,” ಎಂದು ಓದಿದಳು ನೇತ್ರಾ. “ಎಷ್ಟೇ ಕಷ್ಟವಿದ್ದರೂ ಸದಾ ನಗುಮೊಗದಿಂದ ಸೀರೆ ನೇಯುತ್ತಾಳೆ.”

“ನಿಂದ್ರವಾ,” ಎಂದಳು ಗಂಗವ್ವ ಸೋಫಾದಿಂದ.

ನೇತ್ರಾ ಓದುವುದನ್ನು ನಿಲ್ಲಿಸಿದಳು.

“ನಾ ಯಾವಾಗ ನಕ್ಕೋಂತ ನೇಯ್ದೇನಿ? ಎಳಿ ಎಣಸೂ ಹೊತ್ತಿನ್ಯಾಗ ನಕ್ಕರ ಎಳಿ ತಪ್ಪತಾವು. ಮಾರಿ ಗಂಟ ಹಾಕ್ಕೊಂಡ ಕುಂತಿರ್ತೇನಿ, ನೀ ಮಾತಾಡಿಸಿದ್ರೂ ಬೈತೇನಿ. ನಕ್ಕೋಂತ ಅಂತ ಯಾರು ಹೇಳಿದ್ರು ನಿನಗ?”

ನೇತ್ರಾ ನನ್ನ ಕಡೆ ನೋಡಿದಳು, ಆದರೆ ಹೆಸರು ಹೇಳಲಿಲ್ಲ. ವಾರದ ಹಿಂದೆ, ಸ್ವಲ್ಪ ತಿದ್ದಿಕೊಡಿ ಎಂದು ಆ ವರದಿಯನ್ನು ಅವಳು ನನಗೆ ಕಳಿಸಿದ್ದಳು. ಆ ಓಣಿಗೆ ನಾನು ಹೋದವನಲ್ಲ, ಗಂಗವ್ವನನ್ನು ಆಗಿನ್ನೂ ಕಂಡವನೂ ಅಲ್ಲ. ಆದರೂ ತಾಯಿ ಎಂದ ಮೇಲೆ ನಗುಮೊಗ ಇರಲೇಬೇಕೆಂದು ನಾನೇ ಸೇರಿಸಿದ ಸಾಲು ಅದು. ನಾನು ಬರೆದದ್ದನ್ನು, ಯಾರ ಬಗ್ಗೆ ಬರೆದೆನೋ ಅವರ ಮುಂದೆಯೇ ಯಾರಾದರೂ ಗಟ್ಟಿಯಾಗಿ ಓದಿದ್ದು ಅದೇ ಮೊದಲು.

“ನಂದ್ರಿ, ತಪ್ಪು ನಂದು,” ಎಂದೆ. ವೇದಿಕೆಯಿಂದ ಬಗ್ಗಿ ನೇತ್ರಾಳಿಗೆ ನನ್ನ ಪೆನ್ನು ಕೊಟ್ಟೆ. ಅವಳು ಕಾಗದವನ್ನು ಅಂಗೈ ಮೇಲಿಟ್ಟುಕೊಂಡು ಆ ಸಾಲನ್ನು ಹೊಡೆದುಹಾಕಿ, ಮೇಲೆ ಏನೋ ಬರೆದು, ಮತ್ತೆ ಮೈಕಿಗೆ ಬಾಯಿಟ್ಟಳು. “ನಮ್ಮ ತಾಯಿ ಮುಖ ಗಂಟು ಹಾಕಿಕೊಂಡು ಸೀರೆ ನೇಯುತ್ತಾಳೆ. ಆಗ ಯಾರೂ ಅವಳನ್ನು ಮಾತಾಡಿಸಬಾರದು.”

“ಈಗ ಖರೆ ಆತು,” ಎಂದಳು ಗಂಗವ್ವ, ಸೋಫಾದಲ್ಲಿ ಸರಿಯಾಗಿ ಒರಗಿಕೊಳ್ಳುತ್ತ. “ಮುಂದ ಓದು. ಇನ್ನೂ ಏನೇನ ಐತಿ ನೋಡೂಣು.”

ಮುಂದಿನ ಪುಟದಲ್ಲಿ ನನ್ನ ಸಾಲುಗಳು ಇನ್ನೂ ಎರಡಿದ್ದವು.