ಮೂರನೇ ಹೆಣ

ಅಣುಬಾಂಬು ಬಿದ್ದರೆ ವಿದ್ಯಾನಗರದಲ್ಲಿ ಎಷ್ಟು ಜನ ಸಾಯಬೇಕು ಎಂಬುದು ಪಂಢರಿನಾಥ ಮಾಸ್ತರರ ಪಡಸಾಲೆಯಲ್ಲಿ ತೀರ್ಮಾನವಾಯಿತು. ಚೀನಾದವರು ಬಾಂಬು ಸಿಡಿಸಿ ನಾಲ್ಕು ತಿಂಗಳಾಗಿತ್ತು. ಊರಲ್ಲಿ ನಾಗರಿಕ ರಕ್ಷಣೆಯ ತಾಲೀಮು ಮಾಡಬೇಕೆಂದು ಮೇಲಿನವರು ಹೇಳಿದ್ದರು. ಈ ಭಾಗಕ್ಕೆ ಮಾಸ್ತರರೇ ವಾರ್ಡನ್. ಎಂಟು ಗಾಯಾಳು, ಮೂರು ಹೆಣ ಎಂದು ಲೆಕ್ಕ ಹಾಕಿದರು.

ನಾಲ್ಕು ಸಂಜೆ ಐದು ಗಂಡಸರು ಕೂತು ಯೋಜನೆ ಬರೆದರು. ಸಂಜೆಗೆ ಎರಡು ಸಲ ಚಹಾ. ಒಳಗಿನಿಂದ ಚಹಾ ಬರುತ್ತಿತ್ತು, ಬಸಿಗಳು ಒಳಗೆ ಹೋಗುತ್ತಿದ್ದವು. ಅದನ್ನು ಮಾಡುತ್ತಿದ್ದವಳು ಮಾಸ್ತರರ ಅಕ್ಕ ತಾರಾಬಾಯಿ, ನಲವತ್ತಾರರ ವಿಧವೆ. ತಮ್ಮನ ಹೆಂಡತಿ ರಜನಿಯ ಎರಡು ಬಾಣಂತನ, ಮಕ್ಕಳ ದಡಾರ, ಹಪ್ಪಳ, ಸಂಡಿಗೆ, ದಿನಕ್ಕೆ ಮೂರು ಸಲದ ಒಲೆ, ಎಲ್ಲ ಅವಳವೇ. ಯಾವ ಯೋಜನೆಯಲ್ಲೂ ಇವಕ್ಕೆ ಸಾಲು ಇರಲಿಲ್ಲ.

ಗಾಯಾಳುಗಳು ಬೇಗ ಸಿಕ್ಕರು. ಹೆಣವಾಗಲು ಮಾತ್ರ ಯಾರೂ ಒಪ್ಪಲಿಲ್ಲ.

"ಹುಲಗಪ್ಪ ಮಾಸ್ತರ್, ನೀವರೆ ಸಾಯ್ರಿ" ಎಂದ ಒಬ್ಬ.

"ಹ್ವಾದ ವರ್ಷ ದೀಕ್ಷಾ ತಗೊಂಡು ಬೌದ್ಧ ಆಗೇನ್ರಿ. ಹೊಸದಾಗಿ ಹುಟ್ಟಿ ಇನ್ನಾ ಹಲ್ಲು ಬಂದಿಲ್ಲ, ಇಷ್ಟ ಲಗೂ ಸಾಯೂದಿಲ್ಲ. ಬೇಕಾದ್ರ ಹೆಣದ ರಜಿಸ್ಟರ್ ಬರೀತೀನಿ" ಎಂದ ಹುಲಗಪ್ಪ.

ಮುತ್ತೈದೆಯರು ಮಲಗಬಾರದು, ಅಪಶಕುನ. ಗಂಡಸರು ಮಲಗಿದರೆ ಅವರ ಹೆಂಡತಿಯರಿಗೆ ಅಪಶಕುನ. ಕೊನೆಗೆ ಕಮರಿಪೇಟೆಯಿಂದ ಮಗನ ಮನೆಗೆ ಬಂದಿದ್ದ ಮುದಕವ್ವ ಒಪ್ಪಿದಳು, ಅವಳೂ ವಿಧವೆ. ರೈಲ್ವೆಯಿಂದ ನಿವೃತ್ತನಾದ ಹುಸೇನಬಾಷಾ ಅಪಶಕುನಕ್ಕೆ ಹೆದರುವವನಲ್ಲ. ಇನ್ನೊಂದು ಹೆಣ ಬೇಕಿತ್ತು. ಎಲ್ಲರ ಕಣ್ಣೂ ಅಡಿಗೆಮನೆಯ ಬಾಗಿಲಿಗೆ ಹೋದವು.

"ಅಕ್ಕಾ, ಒಂದೆರಡು ತಾಸು ಮಲಗ್ತೀಯೇನು?"

ಈ ಮನೆಗೆ ಬಂದು ಇಪ್ಪತ್ತೇಳು ವರ್ಷದಲ್ಲಿ ಅವಳಿಗೆ ಮಲಗು ಎಂದವರಿರಲಿಲ್ಲ. "ಆತು" ಎಂದಳು.

ಆಮೇಲೆ ಮಾಸ್ತರರು ತಾವೇ ಯೋಚಿಸಿದ ನಿಯಮವನ್ನು ಓದಿದರು: ಮನೆಯವರು ಬಂದು ಹೆಣದ ಗುರುತು ಹೇಳಬೇಕು, ಹೆಣಕ್ಕೆ ತಾವು ಸಂಬಂಧದಲ್ಲಿ ಏನಾಗಬೇಕೆಂದು ಹೇಳಿ ಸಹಿ ಮಾಡಿ ಒಯ್ಯಬೇಕು. ಒಂದು ತಾಸಿನೊಳಗೆ ಯಾರೂ ಬರದಿದ್ದರೆ ಅನಾಥ ಎಂದು ಬರೆಯಬೇಕು.

ಒಳಗೆ ತಾರಾಬಾಯಿಯ ಕೈಯ ಸೌಟು ನಿಂತಿತು.

ಅವಳ ಗಂಡ ಪಂಢರಪುರದ ವಾರಿ ಯಾತ್ರೆಗೆ ಹೋದವನು ಕಾಲರಾದಲ್ಲಿ ತೀರಿಕೊಂಡನೆಂದು ಕಾಗದ ಬಂದಾಗ ಅವಳಿಗೆ ಹತ್ತೊಂಬತ್ತು. ಯಾರೂ ಬಾರದ ಹೆಣಗಳನ್ನು ಅಲ್ಲಿಯವರೇ ಒಟ್ಟಿಗೆ ಸುಟ್ಟಿದ್ದರು. "ಒಬ್ಬರು ಹೋಗಿ ಕೇಳಿಕೊಂಡು ಬರ್ರಿ, ಖರೇನೋ ಅಲ್ಲೋ" ಎಂದು ಅವಳು ಮಾವನ ಕಾಲು ಹಿಡಿದಿದ್ದಳು. ಈಗ ಹೋಗಿ ಏನು ಫಲ ಎಂದರು. ಅವನ ಗುರುತನ್ನು ಯಾರೂ ಹೇಳಲಿಲ್ಲ. ಆದರೂ ಅವಳ ತಲೆ ಬೋಳಿಸುವಷ್ಟು ಅವನು ಸತ್ತಿದ್ದ. ಅಂದಿನಿಂದ ಕದ ಸಪ್ಪಳವಾದರೆ ಅವಳ ಕೈಕೆಲಸ ಕ್ಷಣ ನಿಲ್ಲುತ್ತದೆ.

ತಾಲೀಮಿನ ದಿನ ನಸುಕಿನಲ್ಲೇ ಎದ್ದು ಅನ್ನ ಸಾರು ಮಾಡಿ, ಭಕ್ರಿ ಬಡಿದು ಬಟ್ಟೆಯಲ್ಲಿ ಸುತ್ತಿಟ್ಟಳು. ಯಾರೂ ಒಲೆ ಮುಂದೆ ಕೂಡಬೇಕಾಗಬಾರದು.

"ಸೈರನ್ ಆದ ಮ್ಯಾಲೆ ಬರ್ತೀ ಹೌದಿಲ್ಲೋ ರಜನೀ?"

"ಬಂದೇ ಬರ್ತೀನ್ರಿ ಅಕ್ಕಾರ. ನೀವು ಛಂದಂಗೆ ಸಾಯ್ರಿ" ಎಂದು ರಜನಿ ನಕ್ಕಳು.

ಹತ್ತಕ್ಕೆ ಸೈರನ್ ಕೂಗಿತು. ಸಾಲೆಯ ಜಗಲಿಯಲ್ಲಿ ಮಲಗಿದ ಮೂವರಿಗೂ ಬಿಳಿ ಹಾಸು ಹೊದಿಸಿದರು. ಮೊದಲು ಮುದಕವ್ವನ ಸೊಸೆ ಕಸ್ತೂರೆವ್ವ ಎದೆ ಬಡಿದುಕೊಳ್ಳುತ್ತ ಬಂದಳು.

"ಏನಾಗ್ಬೇಕು ನಿಮಗ?" ಎಂದ ಹುಲಗಪ್ಪ.

"ನಮ್ಮತ್ತಿರೀ! ಬಂಗಾರದಂಥಾ ಅತ್ತಿ!"

ಹಾಸಿನ ಒಳಗಿಂದ ಮುದಕವ್ವ, "ಸಾಕ ಬಿಡ ನಮ್ಮವ್ವಾ, ಬಾಗಲಾ ಹಾಕಿ ಬಂದೀಯೋ ಇಲ್ಲೋ?" ಎಂದಳು.

ಬೆನ್ನಿಗೇ ಮದೀನಾಬಿ ಬಂದು ಗಂಡನ ಹಾಸು ಎಳೆದಳು. "ಇದ್ದಾಗೂ ಗೊರಕಿ, ಸತ್ತರೂ ಗೊರಕಿ. ಏಳ್ರಿ!"

ಜಗಲಿಯಲ್ಲಿ ಒಂದೇ ಹಾಸು ಉಳಿಯಿತು. ಬಟ್ಟೆಯೊಳಗೆ ಬೆಳಕು ಹಾಲಿನಂತಿತ್ತು. ಉಸಿರು ಒಳಗೇ ತಿರುಗಿ ಬರುತ್ತಿತ್ತು. ತಾರಾಬಾಯಿ ಹೆಜ್ಜೆಗಳನ್ನು ಎಣಿಸಿದಳು. ಒಂದೂ ಅವಳ ಬಳಿ ನಿಲ್ಲಲಿಲ್ಲ. ಪಕ್ಕದಲ್ಲಿ ಇನ್ನೂ ಯಾರೋ ಮಲಗಿದ್ದಾರೆ ಎನಿಸಿತು. ಒದ್ದೆ ಧೋತರದ ವಾಸನೆ, ಪಂಢರಪುರದ ಚಂದ್ರಭಾಗಾ ಹೊಳೆಯ ಮರಳು. ತಿರುಗಿ ನೋಡಲು ಧೈರ್ಯವಾಗಲಿಲ್ಲ. ಅವನೂ ಹೀಗೆಯೇ ಎಣಿಸಿರಬೇಕು.

"ಅಕ್ಕಾರ," ಹುಲಗಪ್ಪನ ದನಿ ತಗ್ಗಿತ್ತು, "ತಾಲೀಮು ನೋಡಾಕ ಬಂದ ಧಾರವಾಡದ ಸಾಹೇಬ್ರ ಊಟ ನಿಮ್ಮ ಮನ್ಯಾಗ ಅಂತ್ರಿ. ರಜನಿಬಾಯಾರು ಒಲಿ ಬಿಟ್ಟು ಬರಾಕ ಆಗೂದಿಲ್ಲ ಅಂತ ಹೇಳಿ ಕಳಿಸ್ಯಾರ."

ಸೈರನ್ ಆದಕೂಡಲೇ ಎಲ್ಲ ಒಲೆ ಆರಿಸಬೇಕು ಎಂಬುದು ಯೋಜನೆಯ ಮೊದಲ ಸಾಲಾಗಿತ್ತು.

"ಪಂಢರಿ ಬರ್ತಾನ" ಎಂದಳು ತಾರಾಬಾಯಿ.

ಬಂದ. ಬೂಟುಗಳ ಜೊತೆ ತಮ್ಮನ ಚಪ್ಪಲಿಯ ಸಪ್ಪಳ ಅವಳಿಗೆ ಗೊತ್ತಾಯಿತು. ಸಾಹೇಬರು, "ಇದ್ಯಾರದು? ಇನ್ನೂ ಇಲ್ಲೇ ಇದೆಯಲ್ಲ?" ಎಂದರು.

ತನ್ನ ಮನೆಯವರೇ ಬರಲಿಲ್ಲ ಎಂದು ಪಂಢರಿನಾಥ ಹೇಗೆ ಹೇಳಿಯಾನು? "ಮೂರನೇ ಹೆಣ, ಸಾಹೇಬ್ರ. ಗುರುತು ಸಿಕ್ಕಿಲ್ಲ. ಅಂಥಾವಕ್ಕೂ ನಮ್ಮ ಯೋಜನಾದಾಗ ವ್ಯವಸ್ಥಾ ಅದ."

"ಶಾಬಾಸ್!" ಎಂದರು ಸಾಹೇಬರು. ಹುಲಗಪ್ಪನ ಪೆನ್ಸಿಲ್ಲು ಕಾಗದದ ಮೇಲೆ ಕೆರೆಯಿತು.

ಮುಗಿಯಿತೆಂಬ ಸೈರನ್ ಆಯಿತು. ಪಂಢರಿನಾಥ ಓಡಿ ಬಂದ. "ಏಳಕ್ಕಾ, ಲಗೂ ನಡಿ. ಸಾಹೇಬ್ರಿಗೆ ಬಡಸಬೇಕು."

ಹಾಸು ಅಲುಗಲಿಲ್ಲ. "ಸಹಿ ಮಾಡು."

"ಏ ಹುಚ್ಚೀ, ಆಟ ಮುಗೀತಲ್ಲ!"

"ನಿಯಮಾ ನಿಂದ. ಸಹಿ ಮಾಡಿ ಒಯ್ಯಿ."

ಗೇಟಿನಲ್ಲಿ ಜನ ತಿರುಗಿ ನೋಡಿದರು. ಹುಲಗಪ್ಪ 'ಅನಾಥ' ಎಂಬುದನ್ನು ಅಳಿಸಿ, ರಜಿಸ್ಟರ್ ಮುಂದೆ ಹಿಡಿದ. ಪಂಢರಿನಾಥ ಗಡಿಬಿಡಿಯಲ್ಲಿ ಗೀಚಿ ಹೊರಟುಹೋದ.

ತಾರಾಬಾಯಿ ಎದ್ದು ಕೂತು ರಜಿಸ್ಟರನ್ನು ತನ್ನ ಕಡೆ ತಿರುಗಿಸಿಕೊಂಡಳು. ನಾಲ್ಕನೇ ಇಯತ್ತೆಯವರೆಗೆ ಕಲಿತವಳು. 'ಹೆಣಕ್ಕೆ ಏನಾಗಬೇಕು' ಎಂಬ ಅಂಕಣದಲ್ಲಿ, ಬೆಳಿಗ್ಗೆಯಿಂದ ಎಲ್ಲ ಕಾಗದದ ಮೇಲೂ ಬರೆದ ಹಾಗೆಯೇ, ಅವನು 'ವಾರ್ಡನ್' ಎಂದು ಬರೆದಿದ್ದ.

ಮೂರೂ ಹಾಸುಗಳನ್ನು ಮಡಿಸಿಟ್ಟು ಅವಳು ಮನೆಗೆ ಹೋದಳು. ಸಾಹೇಬರ ಎಲೆ ತೆಗೆದು ನೆಲ ಒರೆಸಿದಳು.

ಮುಂದೆಯೂ ಒಲೆ ಅವಳದೇ. ಆದರೆ ಮಬ್ಬುಗತ್ತಲ ಅಡಿಗೆಮನೆಗೆ ಕಾಲಿಡುವಾಗ ರಜನಿ "ಯಾರದು?" ಎಂದರೆ, ಎಲ್ಲ ಮನೆಗಳಲ್ಲಿ ಎಲ್ಲರೂ ಹೇಳುವಂತೆ "ನಾನ" ಎಂದು ಅವಳು ಹೇಳುವುದನ್ನು ಬಿಟ್ಟಳು. ಬಳೆಯಿಲ್ಲದ ಕೈ, ಸಪ್ಪಳವೂ ಇಲ್ಲ. ರಜನಿ ಹೊಸ್ತಿಲಲ್ಲೇ ನಿಂತು, ಬೂದಿಯೊಳಗಿನ ಕೆಂಡದ ಮುಂದೆ ಕೂತಿರುವ ಆಕಾರವನ್ನು ನೋಡುತ್ತ, ಇನ್ನೊಮ್ಮೆ ಕೇಳುತ್ತಿದ್ದಳು: "ಯಾರದು?"