ಓರೆಸ್ಟ್ ಭಾವ ಎಣಿಸದ ಹೊಡೆತಗಳು

ನಮ್ಮ ಸೋಸ್ನಾ ಊರಿನಲ್ಲಿ ಮಂಜುಗಡ್ಡೆಯ ಮೇಲೆ ಹಾಕಿ ಆಡುವ ರಿಂಕಿಗೆ ಐವತ್ತು ವರ್ಷ ತುಂಬುತ್ತದಂತೆ. ಅದಕ್ಕೊಂದು ಸ್ಮರಣ ಸಂಚಿಕೆ ತರುತ್ತಾರಂತೆ. ಸಮಿತಿಯವರು ಮನೆಗೆ ಬಂದು, "ಸ್ಟೆಫ, ನಿಮ್ಮ ಭಾವನ ಬಗ್ಗೆ ನಾಲ್ಕು ಒಳ್ಳೆ ಮಾತು ಬರ್ಕೊಡಿ. ಇಪ್ಪತ್ತೊಂಬತ್ತು ವರ್ಷ ಒಂದ್ ಆಟ ತಪ್ಪಿಸ್ದೆ ಗೋಲಿಗೆ ಬಂದ ಹೊಡೆತ ಎಣಿಸಿದೋರು, ಒಂದು ತಪ್ಪು ಲೆಕ್ಕ ಇಲ್ಲ" ಎಂದರು. ಕಾಫಿ ಕುಡಿದರು, ನಾನು ಮಾಡಿದ್ದ ಗಸಗಸೆ ರೊಟ್ಟಿ ತಿಂದರು, ಹೋದರು. ಒಂದು ತಪ್ಪು ಲೆಕ್ಕ ಇಲ್ಲವಂತೆ. ಅದನ್ನು ಕೇಳಿದಾಗಿನಿಂದ ನನಗೆ ಮೈ ಉರಿಯುತ್ತಿದೆ.

ಒಳ್ಳೆಯ ಮಾತನ್ನು ಮೊದಲು ಹೇಳಿ ಮುಗಿಸುತ್ತೇನೆ. ಓರೆಸ್ಟ್ ಭಾವ ನನ್ನ ಗಂಡನ ಅಣ್ಣ. ಗೋಧಿ ಉಗ್ರಾಣದಲ್ಲಿ ತೂಕ ನೋಡುವ ಕೆಲಸ ಮಾಡಿ ನಿವೃತ್ತರಾದವರು. ಯಾವ ರೈತನಿಗೂ ಒಂದು ಹಿಡಿ ಕಾಳಿನ ಮೋಸ ಮಾಡಿದವರಲ್ಲ. ಪ್ರಾಯದಲ್ಲಿ ಇದೇ ಊರಿನ ತಂಡಕ್ಕೆ ಗೋಲ್‌ಕೀಪರ್ ಆಗಿದ್ದರು, ಅದೂ ಮುಖಕ್ಕೆ ಏನೂ ಕಟ್ಟಿಕೊಳ್ಳದ ಕಾಲದಲ್ಲಿ. ಮುಂದಿನ ಹಲ್ಲು ಒಂದೂ ಇಲ್ಲ, ಮುಖದ ಮೇಲೆ ಮೂವತ್ತೊಂದು ಹೊಲಿಗೆ. ಪ್ರತಿ ಹೊಲಿಗೆಗೂ ಒಂದೊಂದು ಕಥೆ ಇದೆ, ಎಲ್ಲವನ್ನೂ ನಾನು ಕೇಳಿದ್ದೇನೆ. ನನ್ನ ಗಂಡ ಸತ್ತ ವರ್ಷ ಚಳಿಗಾಲವಿಡೀ ನನ್ನ ಬಾಗಿಲ ಮುಂದಿನ ಹಿಮ ಬಳಿದವರು ಅವರೇ. ಒಳ್ಳೆಯ ಮಾತು ಇಲ್ಲಿಗೆ ಮುಗಿಯಿತು.

ಹೊರಗಿನಿಂದ ಆಡಲು ಬಂದ ಹುಡುಗರನ್ನು ನಮ್ಮೂರಿನ ಮನೆಗಳು ಹಂಚಿಕೊಂಡು ಸಾಕುತ್ತವೆ. ನನ್ನ ಪಾಲಿಗೆ ಬಂದವನು ವೆಸ್ಲಿ ಓಕೆಮೋ, ಉತ್ತರದ ಸರೋವರದ ಕಡೆಯ ಕ್ರೀ ಬುಡಕಟ್ಟಿನ ಹುಡುಗ. ಆಗ ಅವನಿಗೆ ಹದಿನೆಂಟು. ಒಂದು ಚೀಲ ಬಟ್ಟೆ, ಎರಡು ಚೀಲ ಗೋಲ್‌ಕೀಪರ್ ಸಾಮಾನು, ಅವನಜ್ಜಿ ಕಳಿಸಿದ ಒಣಮೀನು ತಂದಿದ್ದ. ಮೂರನೇ ದಿನಕ್ಕೇ ನನ್ನನ್ನು ಅಜ್ಜಿ ಎಂದು ಕರೆಯತೊಡಗಿದ. ಇಪ್ಪತ್ತು ತುಂಬಿದ ವರ್ಷಕ್ಕೆ ಜೂನಿಯರ್ ಆಟ ಮುಗಿಯುತ್ತದೆ. ಅಷ್ಟರೊಳಗೆ ಯಾವುದಾದರೂ ವೃತ್ತಿ ತಂಡ ತನ್ನ ಶಿಬಿರಕ್ಕೆ ಕರೆಯಬೇಕು, ಇಲ್ಲದಿದ್ದರೆ ಊರಿಗೆ ವಾಪಸ್. ಅವನ ಕೈಯಲ್ಲಿದ್ದದ್ದು ಮೂರು ಚಳಿಗಾಲ.

ಮೊದಲ ಚಳಿಗಾಲ ಅವನು ಕಪ್ಪೆಯ ಹಾಗೆ ಹಾರುತ್ತಿದ್ದ. ಪಕ್, ಅಂದರೆ ಆಟದ ರಬ್ಬರ್ ಬಿಲ್ಲೆ, ಬರುವ ಮೊದಲೇ ಮಂಡಿಯೂರಿ ಬೀಳುತ್ತಿದ್ದ, ಆಮೇಲೆ ಕೈಕಾಲು ಬಡಿದು ಹೇಗೋ ತಡೆಯುತ್ತಿದ್ದ. ಜನ ಕುರ್ಚಿ ಬಿಟ್ಟು ಎದ್ದು ಚಪ್ಪಾಳೆ ತಟ್ಟುತ್ತಿದ್ದರು. ನೂರಕ್ಕೆ ತೊಂಬತ್ತು ತಡೆಯುತ್ತಾನೆ ಎಂದು ಗೋಲ್‌ಕೀಪರುಗಳ ಪಟ್ಟಿಯಲ್ಲಿ ಬಂತು. ಬೇಸಿಗೆಯಲ್ಲಿ ನನ್ನ ಅಡುಗೆಮನೆಯ ಗೋಡೆಗೆ ಟೆನಿಸ್ ಚೆಂಡು ಹೊಡೆದು ಹಿಡಿದ, ದಿನಕ್ಕೆ ಎರಡು ಗಂಟೆ. ಗೋಡೆಯ ಬಣ್ಣ ಹೋಯಿತು. ಹೋಗಲಿ ಎಂದೆ. ಎರಡನೇ ಚಳಿಗಾಲಕ್ಕೆ ಅವನು ಕಾಯುವುದನ್ನು ಕಲಿತಿದ್ದ. ಹೊಡೆಯುವವನ ಭುಜ ನೋಡಿ ಅರ್ಧ ಹೆಜ್ಜೆ ಮುಂಚೆಯೇ ಸರಿದು ನಿಲ್ಲುತ್ತಿದ್ದ. ಪಕ್ ಬಂದು ಎದೆಗೆ ಬಡಿದು ಅಲ್ಲೇ ಉಳಿಯುತ್ತಿತ್ತು. ಜನ ಚಪ್ಪಾಳೆ ತಟ್ಟುವುದನ್ನು ಬಿಟ್ಟರು.

ನಮ್ಮೂರಿನ ಆಟಗಳಲ್ಲಿ ಲೆಕ್ಕ ಇಳಿಯಿತು, ನೂರಕ್ಕೆ ಎಂಬತ್ತೆಂಟು. ಬೇರೆಯವರು ಎಣಿಸುವ ಪರವೂರಿನ ಆಟಗಳಲ್ಲಿ ಮಾತ್ರ ತೊಂಬತ್ತಮೂರು. ಕೋಚ್ ಡೆನ್ಹಾಮ್ "ಮನೆ ಜನದ ಮುಂದೆ ಹೆದರ್ತಾನೆ" ಎಂದ. ನಾನು ಕೆಲಸಕ್ಕೆ ನಿಲ್ಲುವ ರಿಂಕಿನ ಕ್ಯಾಂಟೀನಿನಲ್ಲಿ ಒಬ್ಬ, "ಅಲುಗಾಡೋದೇ ಇಲ್ಲ. ಆ ಕಡೆಯೋರೇ ಹಾಗೆ, ಸೋಮಾರಿಗಳು" ಎಂದ. ನಾನು ಆಗ ಸೂಪ್ ಬಡಿಸುತ್ತಿದ್ದೆ. ಅವನ ಬಟ್ಟಲಿಗೆ ಬರೀ ನೀರನ್ನೇ ಮೊಗೆದು ಹಾಕಿದೆ.

ಮುಂದಿನ ಆಟಕ್ಕೆ ಕೋಟಿನ ಬಲಜೇಬಿನಲ್ಲಿ ಒಣ ಅವರೆಕಾಳು ತುಂಬಿಕೊಂಡು ಹೋದೆ. ವೆಸ್ಲಿ ತಡೆದ ಪ್ರತಿ ಹೊಡೆತಕ್ಕೂ ಒಂದು ಕಾಳು ಎಡಜೇಬಿಗೆ. ಒಳಗೆ ಹೋದದ್ದಕ್ಕೂ ಒಂದು. ಆಟ ಮುಗಿದಾಗ ಎಡಜೇಬಿನಲ್ಲಿ ಇಪ್ಪತ್ತೇಳು ಕಾಳು. ಫಲಕದ ಮೇಲೆ ಹದಿನೆಂಟು ಹೊಡೆತ. ಎರಡು ಗೋಲು ಬಿಟ್ಟಿದ್ದ. ಹದಿನೆಂಟರಲ್ಲಿ ಎರಡು ಬಿಟ್ಟವನು ಸಾಧಾರಣ ಹುಡುಗ. ಇಪ್ಪತ್ತೇಳರಲ್ಲಿ ಎರಡು ಬಿಟ್ಟವನಿಗೆ ಶಿಬಿರದಿಂದ ಕರೆ ಬರುತ್ತದೆ. ಆರು ಆಟ ಹೀಗೇ ನೋಡಿದೆ. ಪ್ರತಿ ಸಲವೂ ಎಂಟೊಂಬತ್ತು ಕಾಳು ಹೆಚ್ಚು.

ನಮ್ಮ ಕ್ರಿಸ್ಮಸ್ ಹಳೇ ಪಂಚಾಂಗದ್ದು, ಜನವರಿಯಲ್ಲಿ. ಆ ಸಂಜೆ ಹನ್ನೆರಡು ಬಗೆಯ ಅಡುಗೆ ಮಾಡಿ, ಭಾವನಿಗೆ ಜೇನು ಹಾಕಿದ ಗೋಧಿ ಬಡಿಸಿ, ಫಲಕಕ್ಕಿಂತ ಹೆಚ್ಚಾಗಿದ್ದ ಕಾಳನ್ನೆಲ್ಲ ತಂದು ತಟ್ಟೆಯ ಪಕ್ಕ ಸುರಿದೆ. ವೆಸ್ಲಿ ತಲೆ ತಗ್ಗಿಸಿ ಕೂತಿದ್ದ.

"ಇದೇನಿದು?" ಎಂದರು ಭಾವ.

"ನೀವು ಎಣಿಸ್ದೆ ಬಿಟ್ಟಿದ್ದು. ಆರು ಆಟದ್ದು."

"ಬಲೆಗೆ ಹೋಗೋದಿದ್ರೆ ಮಾತ್ರ ಅದು ಹೊಡೆತ, ಸ್ಟೆಫ. ನಿಯಮ ಅದು. ಇವನು ಸುಮ್ನೆ ನಿಂತಿರ್ತಾನೆ, ಪಕ್ ಬಂದು ಇವನಿಗೆ ಬಡೀತದೆ. ಅದನ್ನ ತಡೆದಿದ್ದು ಅಂತೀಯಾ?"

"ಇವನು ಅಲ್ಲಿ ನಿಂತಿದ್ದಕ್ಕೇ ಬಡೀತು ಭಾವ. ಇಲ್ದಿದ್ರೆ ಒಳಗೆ ಹೋಗ್ತಿತ್ತು."

"ನಾನೂ ಆಡಿದೋನೇ. ತಡೆಯೋದು ಅಂದ್ರೆ ಏನು ಅಂತ ನಂಗೆ ಹೇಳ್ಕೊಡ್ಬೇಡ." ತುಟಿ ಸರಿಸಿ ಬೋಳು ಒಸಡು ತೋರಿಸಿದರು. "ನೋಡು, ಇದು ತಡೆಯೋದು."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಬೇರೆ ಗೋಲ್‌ಕೀಪರುಗಳು ಬಿದ್ದು ಎದ್ದು ಒದ್ದಾಡುತ್ತಿದ್ದರು, ಅವರ ಲೆಕ್ಕವೆಲ್ಲ ಸರಿಯಾಗಿತ್ತು. ಈ ಹುಡುಗ ಆಟ ಕಲಿತಷ್ಟೂ ಇವರ ಕಣ್ಣಿಗೆ ಅವನ ಕೆಲಸ ಕಾಣದೇ ಹೋಯಿತು. ಕಳ್ಳನಾಗಿದ್ದರೆ ಹಿಡಿದು ಬಡಿಯಬಹುದಿತ್ತು. ಪ್ರಾಮಾಣಿಕ ಮನುಷ್ಯನ ಹಟಕ್ಕೆ ಏನು ಮಾಡುವುದು? ಆ ವರ್ಷ ಯಾವ ಶಿಬಿರದಿಂದಲೂ ಕರೆ ಬರಲಿಲ್ಲ.

ಮೂರನೇ ಚಳಿಗಾಲದ ನಡುವೆ ವೆಸ್ಲಿಯೇ ಅವರ ಮನೆಗೆ ಹೋದ. ನಾನು ಹೋಗು ಎಂದಿರಲಿಲ್ಲ. "ತಾತ, ಒಂದ್ಸಲ ಬಲೆ ಹಿಂದೆ ನಿಂತು ನೋಡ್ತೀರಾ?" ಎಂದು ಕೇಳಿದನಂತೆ. ಅಭ್ಯಾಸದ ಹೊತ್ತಿಗೆ ಭಾವ ಬಂದು ಗಾಜಿನ ಹಿಂದೆ, ಬಲೆಯ ನೇರಕ್ಕೆ ನಿಂತರು. ಅವರು ಎಣಿಸದೆ ಬಿಟ್ಟಿದ್ದ ಹೊಡೆತಗಳೆಲ್ಲ ಎಲ್ಲೆಲ್ಲಿಂದ ಬಂದಿದ್ದವೋ ಹುಡುಗನಿಗೆ ನೆನಪಿತ್ತು. ಆ ಜಾಗಗಳಿಂದಲೇ ಗೆಳೆಯರು ಹತ್ತು ಹೊಡೆದರು. ವೆಸ್ಲಿ ಬಲೆ ಬಿಟ್ಟು ಪಕ್ಕಕ್ಕೆ ನಿಂತಿದ್ದ. ನಾನು ಕ್ಯಾಂಟೀನಿನಲ್ಲಿದ್ದೆ, ನೋಡಲಿಲ್ಲ. ಭಾವ ಬಂದು, "ಒಂಬತ್ತು ಒಳಗೆ ಹೋದ್ವು" ಎಂದಷ್ಟೇ ಹೇಳಿ, ಕಾಫಿಯನ್ನೂ ಕುಡಿಯದೆ ಹೋದರು.

ಅಂದಿನಿಂದ ಫಲಕದಲ್ಲಿ ಇಪ್ಪತ್ತೆಂಟು, ಮೂವತ್ತು, ಇಪ್ಪತ್ತೇಳು ಬರತೊಡಗಿತು. ಆರೇ ವಾರದಲ್ಲಿ ವೆಸ್ಲಿ ಪಟ್ಟಿಯ ಮೇಲ್ಭಾಗಕ್ಕೆ ಏರಿದ. ಒಂದು ವೃತ್ತಿ ತಂಡದ ಕಡೆಯವನು ಕಾರು ಮಾಡಿಕೊಂಡು ಬಂದೇ ಬಿಟ್ಟ. ಆ ದಿನ ವೆಸ್ಲಿ ಅಲ್ಲಾಡದೆ ಇಪ್ಪತ್ತೆಂಟು ತಡೆದ. ಬಂದವನು ಕ್ಯಾಂಟೀನಿಗೆ ಬಂದು ನನ್ನ ಎದುರೇ ಡೆನ್ಹಾಮನನ್ನು ಕೇಳಿದ:

"ಜನವರಿವರೆಗೆ ಇಲ್ಲಿ ಇಪ್ಪತ್ತು ಹೊಡೆತ ಇತ್ತು. ಈಗ ಹೇಗಪ್ಪಾ ಮೂವತ್ತಾಯ್ತು? ಯಾರು ಎಣಿಸೋದು?"

"ನಮ್ಮ ಓರೆಸ್ಟು."

"ಹುಡುಗ ಇರೋದು ಯಾರ ಮನೇಲಿ?"

ಡೆನ್ಹಾಮ್ ನನ್ನ ಕಡೆ ಬೆರಳು ತೋರಿಸಿದ. "ಇವರ ಮನೇಲಿ. ಓರೆಸ್ಟ್ ಇವರ ಭಾವ."

ಬಂದವನು ನಕ್ಕ. "ಓ, ಮನೆ ಅಡುಗೆ" ಎಂದ, ಮನೆಯವರೇ ಬೇಯಿಸಿದ ಲೆಕ್ಕ ಎಂಬ ಅರ್ಥದಲ್ಲಿ. ನಾನು ಸೌಟು ಕೆಳಗಿಟ್ಟು, ಕಾಳಿನಿಂದ ಹಿಡಿದು ಖಾಲಿ ಬಲೆಯವರೆಗೆ ಎಲ್ಲವನ್ನೂ ಹೇಳಿದೆ. ಅವನು ಟೋಪಿ ಹಾಕಿಕೊಳ್ಳುತ್ತ ಕೇಳಿದ. "ಹುಡುಗನ ಮೇಲೆ ನಿಮಗೆ ಪ್ರೀತಿ ಇದೆಯಮ್ಮ, ತಪ್ಪೇನಿಲ್ಲ" ಎಂದು ಹೋದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹುಡುಗ ಆಟ ಕಲಿತ ಮೇಲೆ ಅವನ ಹೊಡೆತಗಳನ್ನು ಭಾವ ಸರಿಯಾಗಿ ಎಣಿಸಿದ್ದು ಆ ಆರು ವಾರ. ಮೋಸ ಎಂದು ಹೆಸರು ಬಂದದ್ದೂ ಆ ಆರು ವಾರಕ್ಕೇ.

ಯಾವ ಕರೆಯೂ ಬರದೆ ವೆಸ್ಲಿ ಏಪ್ರಿಲ್‌ನಲ್ಲಿ ಊರಿಗೆ ಹೊರಟ. ಗೋಡೆಗೆ ಬಣ್ಣ ಬಳಿದೇ ಹೋದ, ಬೇಡವೆಂದರೂ ಕೇಳಲಿಲ್ಲ. ಈಗ ತನ್ನ ಊರಲ್ಲಿ ನೀರಿನ ಲಾರಿ ಓಡಿಸುತ್ತಾನೆ. ಫೋನಿನಲ್ಲಿ, "ತಾತನ ಮೇಲೆ ಸಿಟ್ಟು ಮಾಡ್ಬೇಡ ಅಜ್ಜಿ" ಎನ್ನುತ್ತಾನೆ. ಅವನು ಮಾಡಿಕೊಳ್ಳದಿದ್ದರೆ ಬೇಡ, ಅವನ ಪಾಲಿನದ್ದನ್ನೂ ನಾನೇ ಮಾಡಿಕೊಳ್ಳುತ್ತೇನೆ.

ಇಷ್ಟು ಬರೆದು, ಬೆನ್ನ ಹಿಂದೆ ಅಚ್ಚು ಹಾಕಿಸುವುದು ಬೇಡವೆಂದು ನಿನ್ನೆ ಮಧ್ಯಾಹ್ನ ಭಾವನ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಪೂರ್ತಿ ಓದಿದರು. ಪೆನ್ಸಿಲ್ ಕೇಳಿದರು. ತಮ್ಮ ಹೆಸರು ಹೊಡೆದು ಹಾಕುತ್ತಾರೆ ಎಂದುಕೊಂಡು, ಜಗಳಕ್ಕೆ ಸಿದ್ಧಳಾಗಿಯೇ ಕೊಟ್ಟೆ. ಅವರು ಹಾಳೆ ಹಿಂದಕ್ಕೆ ತಿರುಗಿಸಿ, ಖಾಲಿ ಬಲೆಯ ಮಾತು ಇರುವಲ್ಲಿ ಬೆರಳಿಟ್ಟು, 'ಒಂಬತ್ತು' ಎಂಬುದನ್ನು ಹೊಡೆದು ಪಕ್ಕದಲ್ಲಿ 'ಹತ್ತು' ಎಂದು ಬರೆದರು.

"ಹತ್ತೂ ಹೋಗಿತ್ತು ಸ್ಟೆಫ," ಎಂದರು. "ಆವತ್ತು ನಿನ್ನ ಮುಂದೆ ಹೇಳೋಕೆ ಬಾಯಿ ಬರಲಿಲ್ಲ."