ಒಂಬತ್ತು ಎಂದರೆ ಉತ್ತರವಿಲ್ಲ

ಬೆಂಗಳೂರಿನಲ್ಲಿ ನಾನು ಮೊದಲು ಚಪ್ಪಲಿ ಕಳಚಿ ಒಳಗೆ ಹೋದದ್ದು ದೇವಸ್ಥಾನಕ್ಕಲ್ಲ, ಕಂಪ್ಯೂಟರ್ ಕೇಂದ್ರಕ್ಕೆ. ಎಂಬತ್ತರ ದಶಕದ ಆರಂಭ. ಧೂಳು ಯಂತ್ರಕ್ಕಾಗದೆಂದು ಎಲ್ಲರೂ ಬರಿಗಾಲಿನಲ್ಲಿದ್ದರು. ಒಳಗೆ ಹೋದರೂ ಯಂತ್ರದ ದರ್ಶನವಿಲ್ಲ. ಗೋಡೆಯಲ್ಲೊಂದು ಕಿಂಡಿ. ತೂತು ಹೊಡೆದ ಕಾರ್ಡುಗಳ ಕಟ್ಟನ್ನು ಅದರಲ್ಲಿ ಕೊಟ್ಟರೆ, ಮರುದಿನ ಅಲ್ಲಿಂದಲೇ ಫಲಿತಾಂಶದ ಅಗಲ ಕಾಗದ ಹೊರಬರುತ್ತಿತ್ತು. ಕಿಂಡಿಯ ತಣ್ಣನೆಯ ಗಾಳಿಗೆ ನಾನು ಸೆರಗು ಹೊದ್ದುಕೊಂಡೆ.

"ಯಾವೂರಿಂದ ಬಂದ್ರಮ್ಮಾ? ಗಾಳಿಗೇ ಹೆದರ್ತೀರಲ್ಲ!"

ಹೀಗೆಂದು ನಕ್ಕವನು ಮನೋಹರ. ನಮ್ಮ ಮನಶ್ಶಾಸ್ತ್ರ ವಿಭಾಗದ ಹಿರಿಯ ಸಂಶೋಧನಾ ವಿದ್ಯಾರ್ಥಿ. ವಯಸ್ಸಿನಲ್ಲಿ ನನಗಿಂತ ಆರು ವರ್ಷ ಚಿಕ್ಕವನು. ಆ ನಗೆಯನ್ನು ಅಂದೇ ದಿನಾಂಕ ಸಮೇತ ಬರೆದಿಟ್ಟುಕೊಂಡೆ. ಆ ನೋಟುಬುಕ್ಕು ಇಂದಿಗೂ ನನ್ನಲ್ಲಿದೆ.

ಲಿಂಗಸುಗೂರಿನ ನನ್ನ ಓದುಗರಿಗೆ ನೆನಪಿರಬಹುದು. ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಏಳು ವರ್ಷ ಪಾಠ ಮಾಡಿ, ರಜೆ ಪಡೆದು, ಎಂ.ಎ. ಓದಲು ಹೊರಟವಳು ನಾನು. ಬಸವನಗುಡಿಯಲ್ಲಿ ಐದು ಮನೆಗಳ ಮುಂದೆ 'ಬಾಡಿಗೆಗೆ ಇದೆ' ಎಂಬ ಹಲಗೆ ಕಂಡೆ. ಐದೂ ಕಡೆ ಮೊದಲು ಹೆಸರು ಕೇಳಿದರು, ಆಮೇಲೆ ತಂದೆಯ ಹೆಸರು, ಆಮೇಲೆ ನಯವಾಗಿ, "ನೀವು ಯಾವ ಪೈಕಿ?" ಉತ್ತರ ಕೇಳಿದ ಕೂಡಲೇ ಖಾಲಿಯಿದ್ದ ಮನೆ ಭರ್ತಿಯಾಗುತ್ತಿತ್ತು. ಕೊನೆಗೆ ಕೋಣೆ ಸಿಕ್ಕಿದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ವಠಾರವೆಂದರೆ ಒಂದೇ ಅಂಗಳ, ಒಂದೇ ನಲ್ಲಿ ಹಂಚಿಕೊಂಡ ಮನೆಗಳ ಸಾಲು. ಅಲ್ಲಿ ನನ್ನ ಕೊಡ ಎಲ್ಲರದೂ ತುಂಬಿದ ಮೇಲೆ ತುಂಬಬೇಕಿತ್ತು. ಯಾರೂ ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. ನನ್ನ ಕೊಡವನ್ನು ಕಾಲಿನಿಂದ ಹಿಂದಕ್ಕೆ ಸರಿಸುತ್ತಿದ್ದರು, ಅಷ್ಟೆ.

ನಮ್ಮಲ್ಲಿ ಬೆಳಗಾಯಿತೆಂದು ತಿಳಿಯುವುದೇ ರೊಟ್ಟಿ ಬಡಿಯುವ ಸದ್ದಿನಿಂದ. ಇಲ್ಲಿ ಅದೇ ಸದ್ದಿಗೆ ಮನೆಯೊಡತಿ ಸರಸಮ್ಮನವರು ಓಡಿಬಂದರು: "ಏನಮ್ಮಾ ಇದು, ಬೆಳಗ್ಗೆ ಬೆಳಗ್ಗೆನೇ ಪೊಲೀಸ್ನೋರು ಬಾಗ್ಲು ಬಡಿದ ಹಾಗೆ?" ಜೋಳ ಹುಡುಕುತ್ತ ಅಕ್ಕಿಪೇಟೆಗೆ ಹೋದರೆ ಅಂಗಡಿಯವನು ಕೇಳಿದ, "ಎಷ್ಟು ಹಸು ಕಟ್ಟಿದೀರಾ?" ಎರಡನ್ನೂ ನೋಟುಬುಕ್ಕಿಗೆ ಸೇರಿಸಿದೆ.

ಇವೆಲ್ಲ ಸಣ್ಣವು. ದೊಡ್ಡದು ಬೇರೆಯಿದೆ.

ನಮ್ಮ ಪ್ರಾಧ್ಯಾಪಕರು ಶಾಲಾಮಕ್ಕಳ ಭಯವನ್ನು ಅಳೆಯುವ ಕೆಲಸವನ್ನು ಮನೋಹರನಿಗೆ ವಹಿಸಿದ್ದರು. ಬೆಂಗಳೂರಿನ ಮಕ್ಕಳನ್ನು ನಮ್ಮ ಕಡೆಯ ಮಕ್ಕಳೊಂದಿಗೆ ಹೋಲಿಸಬೇಕು. ನಮ್ಮೂರಿನ ಹಾಸ್ಟೆಲಿನ ಹುಡುಗಿಯರಿಂದ ಪ್ರಶ್ನಾವಳಿ ತುಂಬಿಸಿ ತಂದವಳು ನಾನೇ. ಪ್ರತಿ ಪ್ರಶ್ನೆಗೂ ಒಂದರಿಂದ ಐದು ಅಂಕ. ಐದೆಂದರೆ ತುಂಬಾ ಭಯ. 'ಅಪ್ಪನನ್ನು ಕಂಡರೆ ಭಯವೇ?', 'ಮನೆಯ ಹಿರಿಯರು ಅನ್ಯಾಯ ಮಾಡುತ್ತಾರೆಂಬ ಭಯವೇ?' ಎಂಬಂಥವು ಬಂದಾಗ ನಮ್ಮ ಹುಡುಗಿಯರು ಪೆನ್ಸಿಲ್ ಕೆಳಗಿಟ್ಟರು. "ದೊಡ್ಡೋರ ಬಗ್ಗೆ ಕಾಗದದಾಗ ಬರೀಬಾರ್ದ್ರೀ ಅಕ್ಕಾರ" ಎಂದಳೊಬ್ಬಳು. ಆ ಜಾಗಗಳು ಖಾಲಿ ಉಳಿದವು. ಖಾಲಿ ಇದ್ದಲ್ಲಿ ಒಂಬತ್ತು ಎಂದು ಕಾರ್ಡಿನಲ್ಲಿ ಒತ್ತುವುದು ನಿಯಮ. ಒಂಬತ್ತೆಂದರೆ ಉತ್ತರವಿಲ್ಲ ಎಂದರ್ಥ. ಆ ಒಂಬತ್ತುಗಳನ್ನೆಲ್ಲ ಒತ್ತಿದ್ದೂ ಈ ಬೆರಳುಗಳೇ.

ಲೆಕ್ಕ ಮಾಡುವ ಪ್ರೋಗ್ರಾಮಿನ ಕೈಪಿಡಿ ಮನೋಹರನ ಡ್ರಾಯರಿನಲ್ಲಿರುತ್ತಿತ್ತು. ಒಂದು ದಿನದ ಮಟ್ಟಿಗೆ ಕೇಳಿದೆ.

"ಅದೆಲ್ಲ ಇಂಗ್ಲಿಷ್ನಲ್ಲಿದೆ ಮೇಡಂ. ನಿಮಗ್ಯಾಕೆ ತಲೆನೋವು? ಕಾರ್ಡ್ ಪಂಚ್ ಮಾಡೋದಷ್ಟೇ ನಿಮ್ ಕೆಲ್ಸ."

ಗ್ರಂಥಾಲಯದಲ್ಲಿ ಅದರದೇ ಇನ್ನೊಂದು ಪ್ರತಿ ಸಿಕ್ಕಿತು. ಮನೆಗೆ ಕೊಡುವುದಿಲ್ಲವೆಂದರು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಎರಡು ತಿಂಗಳು ಕೈಯಲ್ಲೇ ನಕಲು ಮಾಡಿದೆ. ಬರೆಯುತ್ತ ಬರೆಯುತ್ತ ತಿಳಿಯತೊಡಗಿತು: ಯಂತ್ರ ಜಾಣನಲ್ಲ, ವಿಧೇಯ. ಹೇಳಿದ್ದನ್ನು ಮಾಡುತ್ತದೆ, ಹೇಳದ್ದನ್ನು ಊಹಿಸುವುದಿಲ್ಲ. ಪ್ರಾಧ್ಯಾಪಕರನ್ನು ಮೂರು ಸಲ ಕೇಳಿ ನನ್ನದೇ ಹೆಸರಿನಲ್ಲಿ ಯಂತ್ರ ಬಳಸುವ ಅನುಮತಿ ಪಡೆದೆ. ಮೊದಲ ಸಲ ಕಿಂಡಿಯಿಂದ ನನ್ನ ಹೆಸರು ಅಚ್ಚಾಗಿದ್ದ ಕಾಗದ ಬಂದ ದಿನ, ಒಬ್ಬಳೇ ವಿಶ್ವೇಶ್ವರಪುರಕ್ಕೆ ನಡೆದುಹೋಗಿ ಒಬ್ಬಟ್ಟು ತಿಂದೆ. ನಾವು ಹೋಳಿಗೆ ಎನ್ನುವುದು ಇಲ್ಲಿ ಒಬ್ಬಟ್ಟು. ತುಪ್ಪ ಕಡಿಮೆಯಿತ್ತು.

ಸ್ವಲ್ಪ ದಿನಗಳಲ್ಲೇ ಮನೋಹರ ತನ್ನ ಫಲಿತಾಂಶದ ಕಾಗದ ಕೊಟ್ಟು, "ನಿಮ್ಮ ಅಕ್ಷರ ಚೆನ್ನಾಗಿದೆ, ಕೋಷ್ಟಕ ನೀಟಾಗಿ ಬರ್ಕೊಡಿ" ಎಂದ. ನಮ್ಮ ಹುಡುಗಿಯರ ಭಯ ಬೆಂಗಳೂರಿನ ಮಕ್ಕಳ ಭಯಕ್ಕಿಂತ ಬಹಳ ಹೆಚ್ಚು ಎಂದು ಅದು ಸಾರುತ್ತಿತ್ತು. 'ಆ ಭಾಗದ ಮಕ್ಕಳದು ದುರ್ಬಲ ಮನಸ್ಸು' ಎಂಬ ವಾಕ್ಯವನ್ನು ಅವನಾಗಲೇ ಬರೆದಿದ್ದ. ಮಲ್ಲೇಶ್ವರದ ಸಭಾಂಗಣವೊಂದರಲ್ಲಿ, ವಿದ್ಯಾ ಇಲಾಖೆಯ ಅಧಿಕಾರಿಗಳೆದುರು, ಮುಂದಿನ ವಾರ ಅದನ್ನು ಓದುವವನಿದ್ದ. ಓದಿಬಿಟ್ಟರೆ ಆ ಮಾತು ನಮ್ಮ ಮಕ್ಕಳ ಹಣೆಗೆ ಅಂಟುತ್ತಿತ್ತು.

ಕೋಷ್ಟಕ ಬರೆಯುತ್ತಿದ್ದ ಕೈ ಒಂದು ಅಂಕಿಯ ಮೇಲೆ ನಿಂತಿತು. ಐದಕ್ಕಿಂತ ಹೆಚ್ಚು ಅಂಕವೇ ಇಲ್ಲದ ಏಳನೇ ಪ್ರಶ್ನೆಯಲ್ಲಿ ಗರಿಷ್ಠ ಅಂಕ ಒಂಬತ್ತು! ಒಂಬತ್ತನ್ನು ಲೆಕ್ಕಕ್ಕೆ ಹಿಡಿಯಬೇಡವೆಂದು ಯಂತ್ರಕ್ಕೆ ತಿಳಿಸುವ ಕಾರ್ಡನ್ನು ಅವನು ಸೇರಿಸಿರಲೇ ಇಲ್ಲ. ವಿಧೇಯ ಯಂತ್ರ ನಮ್ಮ ಹುಡುಗಿಯರ ಮರ್ಯಾದೆಯನ್ನೆಲ್ಲ ಭಯವೆಂದು ಕೂಡಿಸಿತ್ತು.

ಅಂದೇ ಹೇಳಬಹುದಿತ್ತು. ಹೇಳಲಿಲ್ಲ. ಆ ಕಾರ್ಡೊಂದನ್ನು ಸೇರಿಸಿ, ನನ್ನ ಹೆಸರಿನಲ್ಲಿ ಲೆಕ್ಕ ಮಾಡಿಸಿ, ಕಾಗದವನ್ನು ಕೈಚೀಲದಲ್ಲಿಟ್ಟುಕೊಂಡು ಒಂದು ವಾರ ಓಡಾಡಿದೆ. ಬೆಂಗಳೂರಿನಲ್ಲಿ ನಾನು ಸುಖವಾಗಿ ನಿದ್ದೆ ಮಾಡಿದ್ದು ಆ ವಾರವೇ.

ಅವನು ಓದಿ ಮುಗಿಸಿದ ಮೇಲೆ ಎದ್ದುನಿಂತೆ.

"ಏಳನೇ ಪ್ರಶ್ನೆಗೆ ಗರಿಷ್ಠ ಅಂಕ ಎಷ್ಟ್ರೀ ಸರ್?"

"ಎಲ್ಲಕ್ಕೂ ಐದೇ ಮೇಡಂ. ನಿಮಗೆ ಗೊತ್ತಿರಬೇಕಲ್ಲ," ಎಂದು ಸಭೆಯತ್ತ ನೋಡಿ ನಕ್ಕ.

"ನಿಮ್ಮ ಕಾಗದದಾಗ ಎಷ್ಟೈತಿ, ಜೋರಾಗಿ ಓದ್ರಿ."

ಅವನು ಕಣ್ಣಾಡಿಸಿದ. ಪ್ರಾಧ್ಯಾಪಕರು ಕಾಗದ ಕಿತ್ತುಕೊಂಡು ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾನು ಚೀಲದಿಂದ ನನ್ನ ಕಾಗದ ತೆಗೆದು ಕೊಟ್ಟೆ. ಎರಡೂ ಕಡೆಯ ಮಕ್ಕಳ ಭಯ ಹೆಚ್ಚುಕಡಿಮೆ ಒಂದೇ ಆಗಿತ್ತು. ಆ ವಾಕ್ಯವನ್ನು ಅಲ್ಲಿಯೇ ಹೊಡೆದುಹಾಕಲಾಯಿತು.

ಹೊರಗೆ ಚಪ್ಪಲಿ ಬಿಟ್ಟಿದ್ದ ಮೆಟ್ಟಿಲ ಬಳಿ ಮನೋಹರ ಕಾದಿದ್ದ. "ಮೊದ್ಲೇ ಒಂದ್ಮಾತು ಹೇಳ್ಬಹುದಿತ್ತಲ್ರೀ?"

"ಕಾರ್ಡ್ ಪಂಚ್ ಮಾಡೂದಷ್ಟ ನನ್ನ ಕೆಲಸ ಅಂತ ನೀವ ಅಂದಿದ್ರಲ್ಲ," ಎಂದು ಚಪ್ಪಲಿ ಮೆಟ್ಟಿಕೊಂಡೆ.

ಇದು ಕ್ಷುದ್ರತನವೆಂದು ನೀವು ಹೇಳಬಹುದು. ಹೇಳಿ, ಅದನ್ನೂ ಬರೆದುಕೊಳ್ಳುತ್ತೇನೆ. ಲಿಂಗಸುಗೂರಿನವರೇ, ನಿಮ್ಮ ಪುಟವೂ ಆ ನೋಟುಬುಕ್ಕಿನಲ್ಲಿದೆ. ಕಳೆದ ಸಲ ಊರಿಗೆ ಬಂದಾಗ ಎಲ್ಲರಿಗೂ ಒಣಗಿಸಿದ ಗಟ್ಟಿ ಕಟಕ್ ರೊಟ್ಟಿ ಬಡಿಸಿ, ನನ್ನ ತಟ್ಟೆಗೆ ಮಾತ್ರ ಅನ್ನ ಹಾಕಿದಿರಿ: "ಬೆಂಗಳೂರಿನವ್ರ ಹಲ್ಲಿಗೆ ಇದು ಆಗಂಗಿಲ್ಲ ಬಿಡ್ರಿ." ಇಲ್ಲಿ ತ್ಯಾಗರಾಜನಗರದಲ್ಲಿ ಸ್ವಂತ ಮನೆ ಕಟ್ಟಿ ಎಷ್ಟೋ ವರ್ಷವಾದರೂ, ನಾನು ಬಾಯಿ ತೆರೆದೊಡನೆ ಪಕ್ಕದ ಮನೆಯವರು ಕೇಳುತ್ತಾರೆ: "ನಿಮ್ದು ಆ ಕಡೆ ಅಲ್ವಾ?"

ಮೊನ್ನೆ ಬ್ಯಾಂಕಿನಲ್ಲಿ ಹುಡುಗಿಯೊಬ್ಬಳು ನನ್ನ ವಿವರಗಳನ್ನು ಕಂಪ್ಯೂಟರಿಗೆ ತುಂಬಿಸುತ್ತಿದ್ದಳು. "ಸ್ವಂತ ಊರು ಯಾವ್ದು ಆಂಟಿ?" ನಾನು ಪರದೆಯ ಮೇಲಿನ ಆ ಖಾಲಿ ಜಾಗ ನೋಡಿದೆ. ಅವಳು ಮತ್ತೆ ಕೇಳಿದಳು, "ಇಲ್ಲೇನು ಹಾಕ್ಲಿ?"

"ಖಾಲಿ ಬಿಡವ್ವಾ," ಎಂದೆ. "ಆದ್ರ ಒಂಬತ್ತು ಮಾತ್ರ ಹಾಕಬ್ಯಾಡ."